ಕುಂಚಿಗೆ ಹೊದ್ದ ವಿಸ್ಕಿ

ಹುಮನಾಬಾದಿನ ಧಾನ್ಯದ ಪೇಟೆಯಾದ ಗಂಜ್‌ನಲ್ಲಿ ಶಂಕರಲಿಂಗ ಎಂಬ ಹೆಸರಿನ ಅಡತಿ ವ್ಯಾಪಾರಿಗಳು ಇಬ್ಬರಿದ್ದಾರೆ. ಒಬ್ಬನಿಗೆ ಕುಸುಬೆ ಎಣ್ಣೆಯ ಗಾಣವೂ ಇದೆ, ಜನ ಅವನನ್ನು ‘ಎಣ್ಣಿ ಶಂಕರಲಿಂಗ’ ಎನ್ನುತ್ತಾರೆ. (ಆತ ಜನ್ಮದಲ್ಲಿ ಒಂದು ಹನಿ ಮುಟ್ಟಿದವನಲ್ಲ. ಆದರೂ ಆ ಹೆಸರಿಗೊಂದು ಗತ್ತಿದೆ.) ಇನ್ನೊಬ್ಬ ನಮ್ಮ ಕಥಾನಾಯಕ. ಅವನನ್ನು ಜನ ‘ಮಜ್ಜಿಗಿ ಶಂಕರಲಿಂಗ’ ಎನ್ನುತ್ತಾರೆ. ಐವತ್ತು ದಾಟಿದ ಗಂಡಸು, ಗಂಜ್‌ನಲ್ಲಿ ಎರಡು ಬಾಗಿಲಿನ ಅಂಗಡಿ, ತೊಗರಿ ವ್ಯಾಪಾರದಲ್ಲಿ ಲಾತೂರಿನ ದಾಲ್ ಮಿಲ್ಲುಗಳವರೆಗೆ ಹೆಸರು. ಆ ಹೆಸರೇ ಮಜ್ಜಿಗಿ ಆಗಿ ಕೂತರೆ ಮನುಷ್ಯ ಏನು ಮಾಡಬೇಕು, ನೀವೇ ಹೇಳಿ.

ಹೆಸರು ಬಂದದ್ದು ಹೀಗೆ. ಅಮಾವಾಸ್ಯೆಯ ದಿನ ಗಂಜ್‌ಗೆ ರಜೆ. ಅಂದು ತಕ್ಕಡಿ ಎತ್ತುವುದಿಲ್ಲ, ಸವಾಲು ಕೂಗುವುದಿಲ್ಲ. ಸಂಜೆ ನಾಲ್ಕು ಜನ ಗೆಳೆಯರು ಸರದಿಯ ಮೇಲೆ ಒಬ್ಬೊಬ್ಬರ ಮನೆಯಲ್ಲಿ ಸೇರಿ ಬೈಠಕ್ ಮಾಡುತ್ತಾರೆ. ಹಿಂದಿನ ಸಲ ಶಂಕರಲಿಂಗನ ಸರದಿ ಬಂದಾಗ ಅವನ ಧರ್ಮಪತ್ನಿ ಲಲಿತಾಬಾಯಿ ಬಾಟಲಿಯನ್ನು ಎಲ್ಲಿ ಅಡಗಿಸಿಟ್ಟಳೋ ಶಿವನೇ ಬಲ್ಲ. ಮಾಳಿಗೆಯ ಮೇಲೆ ನಾಲಿಗೆ ಒಣಗಿಸಿಕೊಂಡು ಕೂತಿದ್ದ ಗೆಳೆಯರ ಮುಂದೆ ಒಂದು ಕೊಡ ಒಗ್ಗರಣೆ ಮಜ್ಜಿಗೆ ತಂದಿಟ್ಟು, “ಬಿಸಲಾಗ ಬಂದೀರಿ, ಹೊಟ್ಟಿ ತಂಪ ಮಾಡ್ಕೊರ್ರಿ” ಅಂದಳು. ಗೆಳೆಯರು ಮರ್ಯಾದಸ್ಥರು, ಕುಡಿದರು. ಆದರೆ ಅವರಲ್ಲಿ ಹಿರಿಯನಾದ ಬಸವಣಪ್ಪ ಸಾವ್ಕಾರ ಮರುದಿನ ಗಂಜ್‌ನಲ್ಲಿ ಸವಾಲು ಶುರುವಾಗುವ ಮೊದಲೇ ನಾಮಕರಣ ಮುಗಿಸಿಬಿಟ್ಟ. ಗಂಜ್‌ನಲ್ಲಿ ಯಾರಿಗೆ ಯಾವ ಹೆಸರು ಇಡಬೇಕೆಂಬ ಗುತ್ತಿಗೆ ಬಸವಣಪ್ಪನದು, ಅವನು ಇಟ್ಟ ಹೆಸರು ಸತ್ತ ಮೇಲೂ ಅಳಿಸುವುದಿಲ್ಲ. ಹಮಾಲರು ಹಿಡಿದರು, ಲಾರಿ ಡ್ರೈವರುಗಳು ಹಿಡಿದರು. ಫೋನ್ ಮಾಡಿದವರ ಹೆಸರು ತೋರಿಸುವ ಆ್ಯಪ್‌ನಲ್ಲಿ ಕೂಡ ‘ಮಜ್ಜಿಗಿ ಹುಮನಾಬಾದ್’ ಎಂದೇ ಬರತೊಡಗಿತು. ಲಾತೂರಿನ ಒಬ್ಬ ಮಿಲ್ ಮಾಲೀಕ, “ನಮಗ ತೊಗರಿ ಬೇಕು, ಮಜ್ಜಿಗಿ ಬ್ಯಾಡ” ಎಂದು ಫೋನ್ ಇಟ್ಟೇಬಿಟ್ಟ. ಅಂದಿನಿಂದ ಶಂಕರಲಿಂಗನಿಗೆ ಮಜ್ಜಿಗೆ ಕಂಡರೆ ಎದೆಯುರಿ.

ಈಗ ಮತ್ತೆ ಅವನ ಸರದಿ ಬಂದಿತ್ತು. ಈ ಅಮಾವಾಸ್ಯೆಗೆ ಆ ಹೆಸರನ್ನು ಹೂತುಹಾಕದಿದ್ದರೆ ತಾನು ಶಂಕರಲಿಂಗನೇ ಅಲ್ಲ ಎಂದು ಅವನು ಪ್ರತಿಜ್ಞೆ ಮಾಡಿದ. ಬರೀ ಬಾಟಲಿ ತಂದಿಟ್ಟರೆ ಸಾಲದು, ಅದನ್ನು ಎಲ್ಲರೂ ಮಾಡುತ್ತಾರೆ. ಬಸವಣಪ್ಪನ ನಾಲಿಗೆ ತಾನಾಗಿ ಹೊಸ ಹೆಸರು ಹುಡುಕಬೇಕು, ಅಂಥದ್ದೇನಾದರೂ ಮಾಡಬೇಕು. ಅಂಗಡಿಯ ಗಾದಿಯ ಮೇಲೆ ಕೂತು ಫೋನ್ ತಿಕ್ಕುತ್ತ ತಿಕ್ಕುತ್ತ ಒಂದು ದಿನ ಅವನಿಗೆ ಅದು ಸಿಕ್ಕಿತು. ಚೂಪಾಗಿ ಗಡ್ಡ ಕತ್ತರಿಸಿಕೊಂಡ ಯಾವನೋ ಒಬ್ಬ ನಿಂಬೆಯ ಸಿಪ್ಪೆ ಸುಲಿದು ಸಕ್ಕರೆಯಲ್ಲಿ ನೆನೆಹಾಕಿದ. ಮೋಸಂಬಿಯನ್ನು ಅಡ್ಡಕ್ಕೆ ಕೊಯ್ದು ಕೆಂಡದ ಮೇಲೆ ಮಖಾಡೆ ಮಲಗಿಸಿ ಸುಟ್ಟ. ಅದರ ರಸ, ನಿಂಬೆ ರಸ, ಕಡಕ್ ಕರಿ ಚಹಾ, ವಿಸ್ಕಿ ಎಲ್ಲ ಒಂದು ದೊಡ್ಡ ಪಾತ್ರೆಗೆ ಸುರಿದು, ಮೇಲೆ ಗಾಜಿನ ಗುಮ್ಮಟ ಮುಚ್ಚಿ ಒಳಗೆ ಹೊಗೆ ತುಂಬಿಸಿದ. ಗುಮ್ಮಟ ತೆಗೆದಾಗ ಹೊಗೆ ಸುರುಳಿ ಸುರುಳಿಯಾಗಿ ಎದ್ದಿತು, ಸುತ್ತ ಕೂತವರು ಚಪ್ಪಾಳೆ ತಟ್ಟಿದರು. ಅದರ ಹೆಸರು ಪಂಚ್ ಅಂತೆ. ಈ ಧೂಮ್ರಸಂಸ್ಕಾರ ಪಡೆದ ದಿವ್ಯಪಾನವನ್ನು ಹುಮನಾಬಾದಿನಲ್ಲಿ ಮೊದಲು ಕುಡಿಸಿದವನನ್ನು ಜನ ಮಜ್ಜಿಗಿ ಎನ್ನುವರೇ? ಶಂಕರಲಿಂಗ ಆ ವಿಡಿಯೊವನ್ನು ಎಷ್ಟು ಸಲ ನೋಡಿದನೆಂದರೆ, ತೂಕ ಬರೆಸಲು ಬಂದ ರೈತರು ಬಾಗಿಲಲ್ಲಿ ನಿಂತು ನಿಂತು ಎಣ್ಣಿ ಶಂಕರಲಿಂಗನ ಅಂಗಡಿಗೆ ಹೋದರು.

ಅಡ್ಡಿ ಒಂದೇ. ಮನೆಯಲ್ಲಿ ಬಾಣಂತಿ ಇದ್ದಳು. ಮಗಳು ಪೂನಂ ಹೆರಿಗೆಗೆ ತವರಿಗೆ ಬಂದಿದ್ದಳು, ಗಂಡು ಕೂಸು ಹುಟ್ಟಿ ತಿಂಗಳಾಗಿತ್ತು. ಬಾಣಂತಿಯ ಮನೆಯಲ್ಲಿ ಲಲಿತಾಬಾಯಿಯ ಅಧಿಕಾರ ಎಂದರೆ ಕಲೆಕ್ಟರನ ಅಧಿಕಾರಕ್ಕಿಂತ ಒಂದು ಕೈ ಮೇಲು. ಹೊತ್ತಿಗೆ ಸರಿಯಾಗಿ ಎಣ್ಣೆ, ನೀರು, ಆಮೇಲೆ ಹೊಗೆ. ಇದ್ದಲಿನ ಶೇಗಡಿಯಲ್ಲಿ ನಿಗಿನಿಗಿ ಕೆಂಡ ಮಾಡಿ ಅದರ ಮೇಲೆ ಅಜವಾನ, ಸಬ್ಬಸಿಗೆ ಬೀಜ, ಬೆಳ್ಳುಳ್ಳಿ ಸಿಪ್ಪೆ, ಲೋಬಾನ ಉದುರಿಸಿ, ಬಾಣಂತಿಗೂ ಕೂಸಿಗೂ ಕೂಸಿನ ಬಟ್ಟೆಗೂ ಹೊಗೆ ಹಾಕುತ್ತಿದ್ದಳು. ಶೇಗಡಿಯ ಮೇಲೆ ಬಿದಿರಿನ ಬುಟ್ಟಿ ಬೋರಲು ಹಾಕಿ ಕೂಸಿನ ತಲೆ ಬೆನ್ನು ಮುಚ್ಚುವ ಕುಂಚಿಗೆಯನ್ನು ಹೊದಿಸಿಟ್ಟರೆ ಬಟ್ಟೆಗೆ ಹೊಗೆ ಹಿಡಿಯುತ್ತಿತ್ತು. ಹೊರಗಿನಿಂದ ಬಂದವರು ಯಾರೇ ಆಗಲಿ, ಕಾಲು ತೊಳೆದು, ಆ ಹೊಗೆಯಲ್ಲಿ ಕೈಕಾಲು ಕಾಸಿಕೊಂಡಲ್ಲದೆ ಬಾಣಂತಿಯ ಕೋಣೆಗೆ ಕಾಲಿಡುವಂತಿರಲಿಲ್ಲ. ಶಂಕರಲಿಂಗನಿಗೂ ರಿಯಾಯಿತಿ ಇರಲಿಲ್ಲ. ಮೊದಮೊದಲು ಅವನು ಕೆಮ್ಮಿದ, ಕಣ್ಣೊರೆಸಿಕೊಂಡ. ಆಮೇಲೆ ಅವನ ಮೂಗು ರಾಜೀನಾಮೆ ಕೊಟ್ಟು ಕೂತಿತು. ಈಗ ಅವನಿಗೆ ಆ ಹೊಗೆ ಗಾಳಿಯಷ್ಟೇ ನಿರ್ಗಂಧ. (ಈ ಮಾತನ್ನು ಓದುಗರು ಸ್ವಲ್ಪ ನೆನಪಿಟ್ಟುಕೊಳ್ಳಬೇಕು. ಶಂಕರಲಿಂಗ ಇಟ್ಟುಕೊಳ್ಳಲಿಲ್ಲ.)

ಬೈಠಕ್ಕಿನ ಮಾತು ತೆಗೆದಾಗ ಲಲಿತಾಬಾಯಿ ಕೂಸಿನ ತಲೆಗೆ ಎಣ್ಣೆ ಒತ್ತುತ್ತಿದ್ದಳು.

“ಮಾಡ್ರಿ. ಮಾಳಗಿ ಮ್ಯಾಲ ಮಾಡ್ರಿ. ಭಜಿ ಬೇಕಂದ್ರ ಭಜಿ ಕರದು ಕೊಡ್ತೀನಿ. ಆದ್ರ ಬಾಣಂತಿ ಮನ್ಯಾಗ ಬಾಟ್ಲಿ ಬಂತಂದ್ರ, ನಾನೂ ಪೂನಂನೂ ಕೂಸೂ ಕೂಡಿ ಸೀದಾ ಕಲ್ಯಾಣದ ಬಸ್ ಹತ್ತತೀವಿ. ತವರುಮನಿ ನನಗೂ ಅದ.”

“ಬಾಟ್ಲಿ ಯಾರು ತರತಾರ? ನಾನೇನು ಕುಡುಕನೇನ?”

“ಕುಡುಕರಾಗಿದ್ರ ಫಿಕರ್ ಇರಲಿಲ್ಲ. ನಿಮಗ ಕುಡಿಯೂದು ಬರಂಗಿಲ್ಲ, ಕುಡಸೂದು ಬೇಕು. ಅದೇ ತಕಲೀಫ್.”

“ಶರಬತ್ ಮಾಡ್ತೀನಿ. ಹೊಸಾ ನಮೂನಿ ನಿಂಬಿಹಣ್ಣಿನ ಶರಬತ್.”

“ನೀವು?” ಲಲಿತಾಬಾಯಿ ಕೈ ನಿಲ್ಲಿಸಿ ಗಂಡನನ್ನು ಮೇಲಿನಿಂದ ಕೆಳಗೆ ನೋಡಿದಳು. “ಚಹಾಕ್ಕ ಗ್ಯಾಸ್ ಹಚ್ಚೂಕ ನನ್ನ ಕರೀತೀರಿ, ಶರಬತ್ ಮಾಡ್ತೀರಿ?” ಕೂಸು ಕಿಸಕ್ಕನೆ ನಕ್ಕಿತು. ತಿಂಗಳ ಕೂಸು ನಿದ್ದೆಗಣ್ಣಲ್ಲಿ ಸುಮ್ಮನೆ ನಗುತ್ತದೆ ಎಂದು ತಿಳಿದವರು ಹೇಳುತ್ತಾರೆ, ಆದರೆ ಶಂಕರಲಿಂಗನಿಗೆ ಅದು ತನ್ನನ್ನು ನೋಡಿಯೇ ನಕ್ಕಂತೆ ಕಂಡಿತು.

ಹುಮನಾಬಾದಿನ ವೈನ್‌ಶಾಪಿಗೆ ಹೋಗುವಂತಿರಲಿಲ್ಲ, ಅಲ್ಲಿಯ ಗಲ್ಲೆಯ ಮೇಲೆ ಕೂಡುವವನ ಹೆಂಡತಿ ಲಲಿತಾಬಾಯಿಯ ಜೊತೆ ದಿನಾ ಮಾತಾಡುವವಳು. ಪುಣ್ಯಕ್ಕೆ ಲಲಿತಾಬಾಯಿಯೇ ದಾರಿ ತೋರಿಸಿದಳು. ಹುಮನಾಬಾದಿನ ಅಜವಾನದಲ್ಲಿ ಜೋರಿಲ್ಲ, ತನ್ನ ತವರಿನ ಪನ್ಸಾರಿ ಅಂಗಡಿಯದೇ ಬೇಕು, ಅಮಾವಾಸ್ಯೆಗೆ ಹೊಗೆ ಜೋರಾಗಿರಬೇಕು, ಹೋಗಿ ತನ್ನಿ ಎಂದಳು. ಶಂಕರಲಿಂಗ ಎಂದೂ ಇಲ್ಲದ ಉತ್ಸಾಹದಲ್ಲಿ ಬಸವಕಲ್ಯಾಣಕ್ಕೆ ಹೊರಟ. ಪನ್ಸಾರಿಯ ಹತ್ತಿರ ಅಜವಾನ, ಸಬ್ಬಸಿಗೆ ಬೀಜ, ಲೋಬಾನ ಕಟ್ಟಿಸಿದ. ಗುರುತಿನವರು ಯಾರೂ ಕಾಣಲಿಲ್ಲವೆಂದು ಎರಡೆರಡು ಸಲ ಖಾತ್ರಿ ಮಾಡಿಕೊಂಡು ಬಾಟಲಿ ಕೊಂಡ. ನಿಂಬೆ, ಮೋಸಂಬಿ ಕೊಂಡ. ಬಾಟಲಿಯನ್ನು ಅಜವಾನದ ಪೊಟ್ಟಣಗಳ ನಡುವೆ ಕೂಸಿನಂತೆ ಮಲಗಿಸಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತ. ಬಸ್ಸು ಕುಣಿದಾಗೆಲ್ಲ ಅವನ ಜೀವ ಬಾಯಿಗೆ ಬರುತ್ತಿತ್ತು. ಪಕ್ಕದ ಸೀಟಿನ ಮುದುಕಿ ಮೂಗರಳಿಸಿ, “ಮನ್ಯಾಗ ಬಾಣಂತಿ ಅದಾಳೇನ್ರಿ ಅಣ್ಣಾರ?” ಎಂದು ಕೇಳಿದಳು.

“ಹೌದ್ರಿ ಅವ್ವಾರ. ನಿಮಗ ಹ್ಯಾಂಗ ಗೊತ್ತಾತು?”

ಮುದುಕಿ ಸೆರಗಿನಿಂದ ಮೂಗು ಮುಚ್ಚಿಕೊಂಡು ನಕ್ಕಳು. ಮುಖದಲ್ಲಿ ಅಜ್ಜನ ಕಳೆ ಬಂದಿರಬೇಕು ಎಂದುಕೊಂಡು ಶಂಕರಲಿಂಗ ಖುಷಿಪಟ್ಟ.

ಅಮಾವಾಸ್ಯೆಯ ದಿನ ಅವನಿಗೆ ಕೂತಲ್ಲಿ ಕೂಡಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಮಾಳಿಗೆ ಹತ್ತಿದ, ಇಳಿದ. ಜಮಖಾನೆ ಹಾಸಿದ, ಮಡಚಿದ, ತಿರುಗಿಸಿ ಹಾಸಿದ. ಫೋನ್ ತೆಗೆದು ಗಡ್ಡದವನನ್ನು ಮತ್ತೊಮ್ಮೆ ನೋಡಿದ. ಅಡುಗೆಮನೆಗೆ ನುಗ್ಗಿ ನಿಂಬೆಹಣ್ಣುಗಳನ್ನು ಒಂದೊಂದಾಗಿ ಸುಲಿಯತೊಡಗಿದ. ಸಿಪ್ಪೆಯನ್ನು ಸಕ್ಕರೆಯಲ್ಲಿ ಹಾಕಿ ಕಿವುಚಿ ಡಬ್ಬಿ ಮುಚ್ಚುವಷ್ಟರಲ್ಲಿ ಲಲಿತಾಬಾಯಿ ಬಂದಳು. ಕಟ್ಟೆಯ ಮೇಲೆ ಬತ್ತಲೆ ನಿಂತ ನಿಂಬೆಹಣ್ಣುಗಳ ಸಾಲು ನೋಡಿ ಹೌಹಾರಿದಳು.

“ಅಯ್ಯ ಶಿವನೇ! ಇವುಕ್ಕ ಏನಾಗೇದ್ರಿ?”

“ಶರಬತ್ತಿಗೆ ಸಿಪ್ಪಿ ಬೇಕಿತ್ತು.”

“ಶರಬತ್ತಿಗೆ ರಸ ಹಾಕ್ತಾರೋ ಸಿಪ್ಪಿ ಹಾಕ್ತಾರೋ? ಇವತ್ತ ಅಮಾಸಿ. ಬಾಗಿಲಿಗೆ ಕಟ್ಟೂಕ ಒಂದು ನಿಂಬಿಕಾಯಿ ಇಟ್ಟಿದ್ದೆ, ಅದನ್ನೂ ಸುಲದೀರಲ್ಲ! ಸುಲದ ನಿಂಬಿಕಾಯಿ ಕಟ್ಟಿದ್ರ ದೆವ್ವ ಅಂಜತದೋ, ನಗತದೋ?”

ಕಡೆಗೆ ಅದನ್ನೇ ಎರಡು ಮೆಣಸಿನಕಾಯಿಯ ಜೊತೆ ಪೋಣಿಸಿ ಬಾಗಿಲಿಗೆ ಕಟ್ಟಿದರು. ಓಣಿಯಲ್ಲಿ ಹೋಗುವವರೆಲ್ಲ ಕತ್ತೆತ್ತಿ ಅದನ್ನು ನೋಡುತ್ತ ಹೋದರು.

ಇನ್ನು ಉಳಿದದ್ದು ಕೆಂಡ ಮತ್ತು ಹೊಗೆ. ಗ್ಯಾಸ್ ಒಲೆಯ ಮನೆಯಲ್ಲಿ ಕೆಂಡ ಎಲ್ಲಿಂದ ತರಬೇಕು? ಇದ್ದದ್ದು ಬಾಣಂತಿಯ ಶೇಗಡಿಯಲ್ಲಿ ಮಾತ್ರ. ಸಂಜೆಯ ಹೊಗೆ ಮುಗಿಯುವುದನ್ನೇ ಅವನು ಕೋಣೆಯ ಬಾಗಿಲಲ್ಲಿ ಶತಪಥ ಹಾಕುತ್ತ ಕಾದ. ಲಲಿತಾಬಾಯಿ ಹೊರಬಂದಕೂಡಲೇ, “ಕೊಡು, ಶೇಗಡಿ ನಾ ಒಯ್ದು ಮಾಳಗಿ ಮ್ಯಾಲ ಆರೂಕ ಇಡತೀನಿ. ನಿನಗ್ಯಾಕ ತ್ರಾಸ” ಅಂದ.

ಮದುವೆಯಾದಾಗಿನಿಂದ ಈ ಬಾಯಲ್ಲಿ ಇಂಥ ಮಾತು ಬಂದದ್ದಿರಲಿಲ್ಲ. ಲಲಿತಾಬಾಯಿ ಅವನ ಹಣೆ ಮುಟ್ಟಿ ನೋಡಿದಳು. “ಜ್ವರ ಇಲ್ಲ” ಎಂದು ತನ್ನಷ್ಟಕ್ಕೆ ಹೇಳಿಕೊಂಡು ಶೇಗಡಿ ಕೊಟ್ಟಳು. ಬುಟ್ಟಿಯನ್ನೂ ಕೊಟ್ಟಳು. ಬುಟ್ಟಿಯ ಮೇಲಿದ್ದ ಕುಂಚಿಗೆಯನ್ನು ತೆಗೆದುಕೊಳ್ಳಲು ಅವಳು ಮರೆತಳು, ಅಥವಾ ಮರೆತಂತೆ ಕಂಡಳು.

ಮಾಳಿಗೆಯ ಮೇಲೆ ಮಹಾಯಾಗ ಆರಂಭವಾಯಿತು. ಶಂಕರಲಿಂಗ ಮೋಸಂಬಿಗಳನ್ನು ಕೊಯ್ದು ಕೆಂಡದ ಮೇಲೆ ಮಖಾಡೆ ಮಲಗಿಸಿದ. ಅವು ಚುಯ್ ಎಂದವು, ಅಂಚು ಕಪ್ಪಾಯಿತು. ಬೆರಳು ಸುಟ್ಟುಕೊಂಡು ಅವುಗಳನ್ನು ಹಿಂಡಿದ. ದೊಡ್ಡ ಪಾತೇಲಿಯಲ್ಲಿ ರಸ, ಸಿಪ್ಪೆಯ ಸಕ್ಕರೆ, ಆರಿದ ಚಹಾ, ಮೇಲಿಂದ ಕಲ್ಯಾಣದ ಬಾಟಲಿ ಪೂರ್ತಿ. ಇನ್ನು ಹೊಗೆ. ಗಡ್ಡದವನ ಹತ್ತಿರ ಗಾಜಿನ ಗುಮ್ಮಟ ಇತ್ತು, ಇವನ ಹತ್ತಿರ ಬುಟ್ಟಿ ಇತ್ತು. ಶೇಗಡಿಯನ್ನು ಪಾತೇಲಿಯ ಪಕ್ಕ ಇಟ್ಟು, ಎರಡರ ಮೇಲೂ ಬುಟ್ಟಿ ಬೋರಲು ಹಾಕಿ, ಸಂದಿಯಿಂದ ಹೊಗೆ ಸೋರಬಾರದೆಂದು ಮೇಲೆ ಕುಂಚಿಗೆ ಹೊದಿಸಿದ. ಕೆಂಡದ ಮೇಲೆ ಅಮಾವಾಸ್ಯೆಯ ಡಬಲ್ ಅಜವಾನ ಇನ್ನೂ ಕಮರುತ್ತಿತ್ತು. ಒಳಗೆ ಹೊಗೆ ಗಿಚ್ಚಾಗಿ ತುಂಬಿತು. ಸ್ವಲ್ಪ ಹೊತ್ತಿಗೆ ಕುಂಚಿಗೆಯ ಅಂಚೆತ್ತಿ ಒಂದು ಚಮಚ ರುಚಿ ನೋಡಿದ. ಹುಳಿ ಇತ್ತು, ಸಿಹಿ ಇತ್ತು, ಖಡಕ್ ಇತ್ತು. ಹೊಗೆಯ ವಾಸನೆ ಮಾತ್ರ ಸಾಲದು ಅನ್ನಿಸಿತು. ಶೇಗಡಿಯ ಜೊತೆ ಎತ್ತಿಕೊಂಡು ಬಂದಿದ್ದ ಅಜವಾನದ ಡಬ್ಬಿಯಿಂದ ಇನ್ನೊಂದು ಹಿಡಿ ತೆಗೆದು ಕೆಂಡದ ಮೇಲೆ ಉದುರಿಸಿದ. ಮೂಗಿಲ್ಲದವನಿಗೆ ಹೇಳುವವರು ಯಾರು?

ಗೆಳೆಯರು ಬಂದರು. ಮುಂದೆ ಬಸವಣಪ್ಪ, ಬೆಳ್ಳಗಿನ ಧೋತರ, ಕೈಯಲ್ಲಿ ಬೆತ್ತ. ಅವನ ಹಿಂದೆ ಮನ್ನಾಏಖೇಳ್ಳಿಯಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟಿದ್ದ ಮಚ್ಚೇಂದ್ರ, ಅವನು ಮಾತಾಡಿದರೆ ಮೂರು ಓಣಿಗೆ ಕೇಳುತ್ತದೆ. ಕೊನೆಗೆ ಲಾರಿಗಳ ಮಾಲೀಕ ಲಾಲ್ ಅಹ್ಮದ್. ಲಾಲ್ ಅಹ್ಮದ್ ಕುಡಿಯುವುದಿಲ್ಲ. ಭಜಿ ತಿನ್ನಲು ಮತ್ತು ಕುಡಿದವರನ್ನು ಮನೆ ಮುಟ್ಟಿಸಲು ಬರುತ್ತಾನೆ.

“ಏನಪ್ಪಾ ಮಜ್ಜಿಗಿ, ಈ ಸಲ ಒಗ್ಗರಣಿ ಹಾಕೀಯೋ, ಬರೇ ಉಪ್ಪೋ?” ಅಂದ ಬಸವಣಪ್ಪ ಜಮಖಾನೆಯ ಮೇಲೆ ಕೂಡುತ್ತ.

“ಇವತ್ತ ಆ ಹೆಸರಿಂದು ಕಡೀ ದಿನ ಅದ ಕಾಕಾ,” ಅಂದ ಶಂಕರಲಿಂಗ. ಬುಟ್ಟಿಯನ್ನು ಮೆಲ್ಲಗೆ ಎತ್ತಿದ. ಹೊಗೆ ಸುರುಳಿ ಸುರುಳಿಯಾಗಿ ಎದ್ದಿತು, ಥೇಟ್ ವಿಡಿಯೊದಲ್ಲಿ ಎದ್ದಂತೆ. ಮಚ್ಚೇಂದ್ರ “ಬಲೇ!” ಎಂದ. ಶಂಕರಲಿಂಗ ಗ್ಲಾಸಿಗೆ ಹಾಕಿ ಇಬ್ಬರಿಗೂ ಕೊಟ್ಟು, ಅವರ ಮುಖಗಳ ಮುಂದೆ ಕೈಕಟ್ಟಿ ನಿಂತ.

ಬಸವಣಪ್ಪ ಒಂದು ಗುಟುಕು ತೆಗೆದುಕೊಂಡು ಬಾಯಲ್ಲೇ ಇಟ್ಟುಕೊಂಡು ಕಣ್ಣು ಮುಚ್ಚಿದ. ನುಂಗಿದ. ಕಣ್ಣು ತೆರೆದು ಗ್ಲಾಸಿನೊಳಗೆ ಇಣುಕಿದ. ಮೂಗು ಹತ್ತಿರ ಒಯ್ದ.

“ಶಂಕರಪ್ಪಾ, ಇದಕ್ಕ ಏನು ಹಾಕಿದಿ?”

“ಹೊಗಿ, ಕಾಕಾ.”

“ಯಾವ ಹೊಗಿ?”

“ಫಾರಿನ್ ಹೊಗಿ.”

ಅಷ್ಟರಲ್ಲಿ ಮಚ್ಚೇಂದ್ರ ಅರ್ಧ ಗ್ಲಾಸು ಗಟಗಟನೆ ಇಳಿಸಿದ್ದ. ಇಳಿಸಿ ಸುಮ್ಮನಾದ. ಮಚ್ಚೇಂದ್ರ ಸುಮ್ಮನಾದದ್ದನ್ನು ಆ ಮೂವರೂ ಅಂದೇ ಮೊದಲು ಕಂಡದ್ದು. ಅವನು ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದ.

“ನನ್ನ ತಮ್ಮ ಹುಟ್ಟಿದಾಗ,” ಅಂದ ಸಣ್ಣ ದನಿಯಲ್ಲಿ, “ನಾ ಇಷ್ಟೇ ಇಷ್ಟು ಸಣ್ಣಾವ ಇದ್ದೆ. ನಮ್ಮವ್ವನ ಕಡೆ ಬಿಡತಿರಲಿಲ್ಲ ನನಗ. ಕೋಣಿ ಬಾಗಲದಾಗ ನಿಂತು ಅಳತಿದ್ದೆ. ಸಂದಿನಾಗಿಂದ ಇದೇ ವಾಸನಿ ಬರತಿತ್ತು. ನಮ್ಮವ್ವ ಒಳಗಿಂದ ‘ಅಳಬ್ಯಾಡೋ ಮಚ್ಯಾ, ನಾ ಇಲ್ಲೇ ಅದೀನಿ’ ಅಂತಿದ್ಲು. ಈಗ ಇಲ್ಲ ನೋಡ್ರಿ ಅಕಿ.” ಆ ದೊಡ್ಡ ಮನುಷ್ಯನ ಕಣ್ಣಲ್ಲಿ ನೀರು ಬಂದಿತ್ತು, ಅದು ಹೊಗೆಗೆ ಬಂದದ್ದಲ್ಲ.

ದೂರ ಕೂತು ಭಜಿ ಮೆಲ್ಲುತ್ತಿದ್ದ ಲಾಲ್ ಅಹ್ಮದ್ ಗಾಳಿಯನ್ನೇ ಒಮ್ಮೆ ಮೂಸಿ ನೋಡಿ ಎದ್ದು ನಿಂತ. “ಅಜವಾನ! ಲೋಬಾನ! ಬೆಳ್ಳುಳ್ಳಿ ಸಿಪ್ಪಿ! ಅರೇ ಶಂಕರಸೇಟ್, ಇದು ಬಾಣಂತಿ ಹೊಗಿ! ನಮ್ಮ ಮನ್ಯಾಗ ಪ್ರತಿ ಕೂಸಿಗೂ ಈ ವಾಸನಾ ಕುಡದೀನಿ ನಾ. ನೀನು ಅದನ್ನ ಗಿಲಾಸಿನಾಗ ಹಾಕಿ ಕೊಟ್ಟೀಯಲ್ಲೋ!”

ಬಸವಣಪ್ಪ ಬೆತ್ತದ ತುದಿಯಿಂದ ಪಕ್ಕದಲ್ಲಿ ಬಿದ್ದಿದ್ದ ಬಟ್ಟೆಯನ್ನು ಎತ್ತಿ ಹಿಡಿದ. ಕೆಂಪು ಖಣದ ಕುಂಚಿಗೆ, ನೆತ್ತಿಯ ಮೇಲೆ ಗೊಂಡೆ, ಅಂಚಿಗೆ ಲಲಿತಾಬಾಯಿ ಹೊಲಿದ ಜರಿ. ಅದು ಬೆತ್ತದ ತುದಿಯಲ್ಲಿ ತೂಗಾಡಿತು. ಶಂಕರಲಿಂಗನಿಗೆ ಮಾಳಿಗೆ ಬಾಯ್ಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು.

“ಇದನ್ನ ಕುಡಿಯೂಕ ಆಗಂಗಿಲ್ಲೋ,” ಅಂದ ಬಸವಣಪ್ಪ ಗ್ಲಾಸು ಕೆಳಗಿಟ್ಟು. “ಕೂಸಿನ ಬಾಯಾಗಿಂದು ಕಸಕೊಂಡು ಕುಡದಂಗ ಆಗ್ತದ. ಗ್ಲಾಸ್ ಎತ್ತಿದ್ರ ನಮ್ಮವ್ವ ಎದುರ ನಿಂತಂಗ ಆಗ್ತದ. ಬಿಡು. ಕೂಸು ಎಲ್ಲದ? ಹುಟ್ಟಿ ತಿಂಗಳಾತು, ನಾವಿನ್ನಾ ಮಾರಿ ನೋಡಿಲ್ಲ.”

ಮಚ್ಚೇಂದ್ರ ಆಗಲೇ ಮೆಟ್ಟಿಲ ಹತ್ತಿರ ಇದ್ದ. ಶಂಕರಲಿಂಗ ಅಡ್ಡ ಓಡಿದ. “ಅಮಾಸಿ ಅದ ಕಾಕಾ! ಹೊರಗಿನವರಿಗೆ ಬಿಡಂಗಿಲ್ಲ ಅಕಿ!” ಯಾರೂ ಕೇಳಲಿಲ್ಲ. ಬಾಯಿ ಮುಕ್ಕಳಿಸಿ, ಕಾಲು ತೊಳೆದು, ಮೂವರೂ ಸಾಲಾಗಿ ಬಾಣಂತಿಯ ಕೋಣೆಯ ಮುಂದೆ ಬಂದು ನಿಂತರು. ಬಾಗಿಲಲ್ಲಿ ಲಲಿತಾಬಾಯಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಶಂಕರಲಿಂಗ ಹಿಂದೆ ಗೋಡೆಗೆ ಅಂಟಿಕೊಂಡ. ಕಲ್ಯಾಣದ ಬಸ್ಸು ಅವನ ಕಣ್ಣೆದುರು ಹಾರ್ನ್ ಹೊಡೆಯಿತು.

“ತಂಗೀ, ಕೂಸಿನ ಮಾರಿ ನೋಡಿ ಹೋಗ್ತೀವಿ,” ಅಂದ ಬಸವಣಪ್ಪ.

“ಅಮಾಸಿ ಸಂಜಿ ಹೊರಗಿನವರು ಬರಬಾರದ್ರಿ ಕಾಕಾ. ಸಿಟ್ಟ ಮಾಡ್ಕೊಬ್ಯಾಡ್ರಿ. ಮದಲ ಹೊಗಿ ತಗೊಂಡು...” ಲಲಿತಾಬಾಯಿಯ ಮಾತು ಅಲ್ಲೇ ನಿಂತಿತು. ಮುಂದೆ ಬಾಗಿ ಒಮ್ಮೆ ಮೂಸಿದಳು. ಮಚ್ಚೇಂದ್ರನನ್ನು ಮೂಸಿದಳು. ಲಾಲ್ ಅಹ್ಮದನ ಕಡೆ ತಿರುಗಿ ಮೂಸಿದಳು. ಅವಳ ಮುಖ ಅರಳಿತು. “ಹೊಗಿ ತಗೊಂಡೇ ಬಂದೀರಲ್ಲ! ಅದೂ ಎಷ್ಟು ಬರೋಬರ್! ಬರ್ರಿ, ಬರ್ರಿ ಒಳಗ.”

ವಿಸ್ಕಿಯ ವಾಸನೆ ಅಜವಾನದ ಹೊಗೆಯಡಿ ಉಸಿರೆತ್ತದೆ ಮಲಗಿತ್ತು. ಆ ಪಂಚ್ ಮಾಡಿದ ಉಪಕಾರ ಅದೊಂದೇ.

ಒಳಗೆ ಪೂನಂ ನಾಚಿ ಸೆರಗು ಸರಿಮಾಡಿಕೊಂಡಳು. ಕೂಸು ಕೈಯಿಂದ ಕೈಗೆ ಹೋಯಿತು. ಬಸವಣಪ್ಪ ಅದರ ಮೂಗು ಅಜ್ಜ ಶಂಕರಲಿಂಗನದೇ ಎಂದ. (ಪಾಪ, ಕೂಸು.) ಲಾಲ್ ಅಹ್ಮದ್ ಏನೋ ದುವಾ ಹೇಳಿ ಊದಿದ. ಮಚ್ಚೇಂದ್ರ ಕೂಸನ್ನು ಎತ್ತಿಕೊಂಡವನು ಕೆಳಗಿಡಲೇ ಇಲ್ಲ, ಅದು ಅವನ ದೊಡ್ಡ ಎದೆಯ ಮೇಲೆ ಹಾಯಾಗಿ ಮಲಗಿಬಿಟ್ಟಿತು. ಲಲಿತಾಬಾಯಿ ಅಂಟಿನ ಉಂಡಿ ತಂದಳು. ಅದರ ಹಿಂದೆ ದೊಡ್ಡ ಹಿತ್ತಾಳೆ ತಂಬಿಗೆಯಲ್ಲಿ ಮಜ್ಜಿಗೆ ಬಂತು. ಶಂಕರಲಿಂಗ ಕಣ್ಣು ಮುಚ್ಚಿಕೊಂಡ. ಮೂವರೂ ಮಜ್ಜಿಗೆಯನ್ನು ತೃಪ್ತಿಯಿಂದ ಕುಡಿದು ಮೀಸೆ ಒರೆಸಿಕೊಂಡ ಸದ್ದು ಅವನಿಗೆ ಚೆನ್ನಾಗಿ ಕೇಳಿಸಿತು.

ಹೋಗುವಾಗ ಹೊಸ್ತಿಲಲ್ಲಿ ಬಸವಣಪ್ಪ ಅವನ ಹೆಗಲ ಮೇಲೆ ಕೈಯಿಟ್ಟ. “ಇಷ್ಟು ವರ್ಷ ಬೈಠಕ್ ಮಾಡೀವಿ, ಇವತ್ತಿನಂಥಾದ್ದು ಆಗಿಲ್ಲ. ಶಂಕರಪ್ಪಾ, ಇನ್ನ ನಿನಗ ಮಜ್ಜಿಗಿ ಅಂತ ಯಾರೂ ಕರಿಯಂಗಿಲ್ಲ. ನಾ ಮಾತು ಕೊಡತೀನಿ.”

ಶಂಕರಲಿಂಗನಿಗೆ ಕಿವಿಯನ್ನೇ ನಂಬಲಾಗಲಿಲ್ಲ. ಗೆದ್ದೆ! ಹೇಗೋ ಏನೋ, ಗೆದ್ದೆ! ಒಂದೇ ಉಸಿರಿನಲ್ಲಿ ಮಾಳಿಗೆ ಹತ್ತಿದ, ಪಾತೇಲಿಯನ್ನು ಮೋರಿಗೆ ಸುರಿದು ಸಾಕ್ಷಿ ಅಳಿಸಬೇಕಿತ್ತು. ಅಲ್ಲಿ ಲಲಿತಾಬಾಯಿ ಮೊದಲೇ ಬಂದು ನಿಂತಿದ್ದಳು. ಕೈಯಲ್ಲಿ ಕುಂಚಿಗೆ.

“ಇದೇನ್ರಿ ಪಾತೇಲಿನಾಗ?”

“ಅದು... ಕಷಾಯ.”

“ಯಾರಿಗೆ?”

“ಬಾಣಂತಿಗೆ. ಸೊಂಟನೋವಿಗೆ ಚಲೋ ಅಂತ.”

“ಚಲೋ ಆತು. ಪೂನಂ ಸೊಂಟ ನೋವು ಅಂತ ಮುಂಜಾನಿಂದ ಅನ್ನಾಕತ್ತಾಳ. ಒಂದು ಲೋಟ ಕುಡಸತೀನಿ.” ಅವಳು ಲೋಟ ತುಂಬಿಕೊಂಡು ಮೆಟ್ಟಿಲ ಕಡೆ ಹೊರಟೇಬಿಟ್ಟಳು.

“ಏ ಬ್ಯಾಡ! ಲಲಿತಾ! ಅದು ವಿಸ್ಕಿ ಅದ!” ಶಂಕರಲಿಂಗ ಅವಳ ಮುಂದೆ ಎರಡೂ ಕೈ ಚಾಚಿ ನಿಂತ.

ಲಲಿತಾಬಾಯಿ ನಿಂತಳು. “ಗೊತ್ತದ,” ಅಂದಳು. “ಚೀಲಾ ಬಿಚ್ಚಿದಾಗೇ ಗೊತ್ತಾತು. ಅಜವಾನದ ಪೊಟ್ಟಣ ಬಾಟ್ಲಿ ಆಕಾರ ಹಿಡದಿತ್ತು. ನೀವು ಬಾಯಿಬಿಟ್ಟು ಖರೇ ಹೇಳತೀರೋ ಇಲ್ಲೋ ನೋಡೂದಿತ್ತು.”

“ಮತ್ತ... ಕಲ್ಯಾಣದ ಬಸ್?”

“ಬಸ್ ಇರಲಿ. ಮದಲ ಇದನ್ನ ಹೇಳ್ರಿ. ಈ ಹೊಗಿ ಹಾಕಿದವರು ಯಾರು?”

“ನಾನೇ.”

“ಒಬ್ಬರೇ?”

“ಹೂಂ.”

ಲಲಿತಾಬಾಯಿ ಕುಂಚಿಗೆಯನ್ನು ಮೂಗಿಗೆ ಹಿಡಿದು ಉದ್ದಕ್ಕೆ ಉಸಿರೆಳೆದಳು. “ತಿಂಗಳಿಂದ ನಾ ಹಾಕಾಕತ್ತೀನಿ. ಎಂದೂ ಹೊಗಿ ಬಟ್ಟಿಗೆ ಹಿಂಗ ಹಿಡದಿಲ್ಲ. ವಿಸ್ಕಿ ವಾಸನಿನೂ ಮುಚ್ಚಿಬಿಟ್ಟದಲ್ಲ ನಿಮ್ಮ ಹೊಗಿ! ನನಗ ಕಣ್ಣುರಿ, ಬೆನ್ನುನೋವು. ನಾಳಿಂದ ಎರಡೂ ಹೊತ್ತು ಹೊಗಿ ಹಾಕೂದು ನಿಮ್ಮ ಕೆಲಸ. ಪೂನಂ ಗಂಡನ ಮನಿಗೆ ಹೋಗೂತನಕ. ಆಗಂಗಿಲ್ಲ ಅಂದ್ರ ಹೇಳ್ರಿ, ಮುಂಜಾನಿ ಬಸ್ ಹೊತ್ತಿಗೆ ಸರಿಯಾಗಿ ಅದ.”

ಆಗುವುದಿಲ್ಲ ಎನ್ನುವ ಧೈರ್ಯ ಶಂಕರಲಿಂಗನಿಗೆ ಹುಟ್ಟಿನಿಂದಲೇ ಇರಲಿಲ್ಲ. ಪಾತೇಲಿಯನ್ನು ಅವನ ಕೈಯಿಂದಲೇ ಮೋರಿಗೆ ಸುರಿಸಿದಳು. ಎರಡು ದಿನ ಆ ಮೋರಿಯಲ್ಲಿ ಸೊಳ್ಳೆ ಬರಲಿಲ್ಲವಂತೆ.

ಆದರೇನು, ಹೆಸರು ಹೋಯಿತಲ್ಲ! ಮರುದಿನ ಅವನು ಇಸ್ತ್ರಿ ಅಂಗಿ ಹಾಕಿಕೊಂಡು, ತಲೆಯೆತ್ತಿ ಗಂಜ್‌ಗೆ ಹೋದ. ಬಸವಣಪ್ಪ ಕೊಟ್ಟ ಮಾತಿಗೆ ತಪ್ಪಿರಲಿಲ್ಲ. ಒಬ್ಬನೇ ಒಬ್ಬ ಹಮಾಲ ಕೂಡ ಮಜ್ಜಿಗಿ ಎನ್ನಲಿಲ್ಲ. ಚೀಲ ಹೊತ್ತವನೊಬ್ಬ ದೂರದಿಂದಲೇ ಕೂಗಿದ:

“ಸರೀರೋ, ದಾರಿ ಬಿಡ್ರಿ, ಬಾಣಂತಿ ಸಾವ್ಕಾರ್ರು ಬಂದ್ರು!”

ಸಂಜೆಯೊಳಗೆ ಫೋನಿನಲ್ಲೂ ಬದಲಾಗಿತ್ತು. ಲಾತೂರಿನ ಮಿಲ್ ಮಾಲೀಕ ಫೋನ್ ಮಾಡಿ, ‘ಬಾಣಂತಿ ಹುಮನಾಬಾದ್’ ಅಂತ ಬರುತ್ತಿದೆ, ನಂಬರು ಆಸ್ಪತ್ರೆಯದಾಯಿತೇ ಎಂದು ವಿಚಾರಿಸಿದ. ಶಂಕರಲಿಂಗನಿಗೆ ಜೀವನದಲ್ಲಿ ಮೊದಲ ಸಲ ಮಜ್ಜಿಗೆಯ ಮೇಲೆ ಮಮತೆ ಉಕ್ಕಿತು. ಎಷ್ಟು ತಂಪಾದ ಹೆಸರಾಗಿತ್ತು ಅದು!

ಮನೆಗೆ ಬಂದ. ಅಂಗಿ ಕಳಚಿಟ್ಟ. ಶೇಗಡಿಯಲ್ಲಿ ಇದ್ದಲು ತುಂಬಿ, ಬೀಸಣಿಗೆಯಿಂದ ಗಾಳಿ ಹಾಕಿ ಕೆಂಡ ಮಾಡಿದ. ಅಜವಾನ ಉದುರಿಸಿ, ಬುಟ್ಟಿ ಬೋರಲು ಹಾಕಿ, ಕುಂಚಿಗೆ ಹೊದಿಸಿ, ಅದರ ಗೊಂಡೆ ಸರಿಮಾಡುತ್ತ ಪಡಸಾಲೆಯಲ್ಲಿ ಕುಕ್ಕರಗಾಲಲ್ಲಿ ಕೂತ. ಹೊಗೆ ಚೆನ್ನಾಗಿಯೇ ಹಿಡಿಯುತ್ತಿತ್ತು. ಅಷ್ಟರಲ್ಲಿ ಹೊರಬಾಗಿಲಲ್ಲಿ ಬೆತ್ತದ ಸದ್ದು, ಅದರ ಹಿಂದೆ ಬಸವಣಪ್ಪನ ದನಿ.

“ಬಾಣಂತೀ, ಆರಾಮ ಅದೀಯೇನವ್ವ?”

“ಆರಾಮ ಅದೀನ್ರಿ,” ಎಂದು ಕೋಣೆಯಿಂದ ಒಂದು ದನಿ, ಪಡಸಾಲೆಯಿಂದ ಒಂದು ದನಿ, ಎರಡೂ ಒಟ್ಟಿಗೇ ಬಂದವು.